ಕಾಲು ಚಾಚಿ ಕುಳಿತವಳು

ನದಿಯ ದಂಡೆಯಲ್ಲಿ ಒಂದು ಕ್ರೈಸ್ತ ಆಶ್ರಮವಿತ್ತು. ಜಯಶೀಲಯ್ಯನವರು ಅಲ್ಲಿಯ ಗುರುಗಳು. ಎಲೀಷ ಅವರ ಶಿಷ್ಯ. ಓದಿನಲ್ಲಿ ಚುರುಕು, ಶಿಸ್ತಿನಲ್ಲಿ ಬಲು ಕಟ್ಟುನಿಟ್ಟು.

ಒಂದು ಸಂಜೆ ಅವನು ಸತ್ಯವೇದ ಹಿಡಿದುಕೊಂಡು ಗುರುಗಳ ಮುಂದೆ ನಿಂತ.

“ಅಯ್ಯನವರೇ, ದೇವರ ಮುಂದೆ ಮಂಡಿಯೂರೋಣ ಬನ್ನಿ ಅಂತ ಒಂದು ಕಡೆ ಇದೆ. ನಿಂತು ಪ್ರಾರ್ಥಿಸುವಾಗ ಇತರರನ್ನು ಕ್ಷಮಿಸಿ ಅಂತ ಯೇಸುಸ್ವಾಮಿಯೇ ಇನ್ನೊಂದು ಕಡೆ ಹೇಳುತ್ತಾರೆ. ದಾವೀದ ಅರಸ ದೇವರ ಸನ್ನಿಧಿಯಲ್ಲಿ ಕುಳಿತೇ ಬಿಟ್ಟ. ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಸ್ವಾಮಿ ನೆಲಕ್ಕೆ ಬೋರಲು ಬಿದ್ದು ಪ್ರಾರ್ಥಿಸಿದರು. ಇದರಲ್ಲಿ ಯಾವುದು ಸರಿ?”

“ನಿನಗೆ ಯಾವುದು ಸರಿ ಅನ್ನಿಸುತ್ತೆ?”

“ಮಂಡಿಯೂರುವುದು. ಅದರಲ್ಲಿ ಭಕ್ತಿ ಎದ್ದು ಕಾಣುತ್ತದೆ.”

“ಯಾರಿಗೆ?”

ಎಲೀಷ ಸತ್ಯವೇದದ ಹಾಳೆ ತಿರುವತೊಡಗಿದ. ಗುರುಗಳು ನಕ್ಕರು. “ಹೋಗಲಿ. ನಾಳೆ ಬೆಳಗಿನ ಪ್ರಾರ್ಥನೆ ನೀನೇ ನಡೆಸು.”

ಮರುದಿನ ಎಲೀಷ ಪ್ರಾರ್ಥನಾಮಂದಿರದಲ್ಲಿ ಶಿಲುಬೆಯ ಪಕ್ಕದಲ್ಲಿ ನಿಂತು, “ಎಲ್ಲರೂ ಮಂಡಿಯೂರಿ” ಎಂದ. ಎಲ್ಲರೂ ಊರಿದರು. ಗುರುಗಳೂ ಊರಿದರು.

ಹಿಂದುಗಡೆ ಒಬ್ಬ ಹೆಂಗಸು ಮಾತ್ರ ಗೋಡೆಗೆ ಒರಗಿ, ಶಿಲುಬೆಯ ಕಡೆಗೇ ಕಾಲು ಚಾಚಿ ಕುಳಿತಿದ್ದಳು. ಮಡಿಲಲ್ಲಿ ಹಳೇ ಸೀರೆಯ ಗಂಟು. ಆಚೆ ದಡದಿಂದ ಬೆಳಗಿನ ಹರಿಗೋಲಿನಲ್ಲಿ ಬಂದವಳು. ಯಾರಿಗೂ ಅವಳ ಗುರುತಿಲ್ಲ.

ಎಲೀಷನಿಗೆ ಮೈ ಉರಿಯಿತು. ನೇರ ಅವಳ ಬಳಿ ಹೋದ.

“ಏನಮ್ಮ, ದೇವರ ಮುಂದೆ ಹೀಗೆ ಕೂರುತ್ತಾರೆಯೇ? ಆ ಗಂಟು ಕೆಳಗಿಡು. ಮಂಡಿಯೂರು.”

ಅವಳು ಬೆಚ್ಚಿ ತಲೆಯೆತ್ತಿದಳು.

“ತಪ್ಪಾತ್ರಿ, ಅಯ್ಯನವರ. ಇವನ್ನ ಕೆಳಗ ಇಡಾಕ ಮನಸ್ಸು ಬರಲಿಲ್ಲ. ಅದಕ್ಕ ಹಿಂಗ ಕುಂತಿದ್ದೆ.”

ಗಂಟನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ಕಾಲು ಮಡಚಿ ಮಂಡಿಯೂರಿ ಕೈ ಮುಗಿದಳು.

ಸೀರೆಯ ಅಂಚು ಸರಿಯಿತು. ಒಳಗೊಂದು ಪುಟ್ಟ ಮುಖ. ತುಟಿ ನೀಲಿಗಟ್ಟಿತ್ತು. ಅರೆತೆರೆದ ಕಣ್ಣಿನ ಮೇಲೆ ನೊಣ ಕೂತಿತು, ರೆಪ್ಪೆ ಅಲುಗಲಿಲ್ಲ.

ಎಲೀಷನ ಕೈಯಲ್ಲಿದ್ದ ಸತ್ಯವೇದ ಜಾರಿತು. ಅವನು ಯಾವಾಗ ಬಿದ್ದನೋ ಅವನಿಗೇ ತಿಳಿಯದು. ಹಣೆ ನೆಲಕ್ಕೆ ತಾಗಿತ್ತು.

ಗುರುಗಳು ಎದ್ದು ಬಂದರು. ಮಗುವಿನ ಕಣ್ಣು ಮುಚ್ಚಿದರು. ಅದನ್ನು ಎತ್ತಿಕೊಂಡು, ಗೋಡೆಗೆ ಒರಗಿ, ಅವಳು ಕುಳಿತಿದ್ದ ಹಾಗೆಯೇ ಕಾಲು ಚಾಚಿ ಕುಳಿತರು.

“ಎಲೀಷ.”

ಅವನು ತಲೆಯೆತ್ತಲಿಲ್ಲ.

“ಹೀಗೆ ಬಿದ್ದೆಯಲ್ಲ. ಸತ್ಯವೇದದ ಯಾವ ವಚನ ನೋಡಿ ಬಿದ್ದೆ?”

ಶಿಷ್ಯ ಬಿಕ್ಕಿದ. “ನನಗೆ ಗೊತ್ತಿರಲಿಲ್ಲ, ಅಯ್ಯನವರೇ. ಗೊತ್ತಿರಲಿಲ್ಲ… ಇನ್ನು ಯಾವ ಮುಖ ಇಟ್ಟುಕೊಂಡು ಪ್ರಾರ್ಥಿಸಲಿ? ಹೇಗೆ ಪ್ರಾರ್ಥಿಸಲಿ?”

ಗುರುಗಳು ಮಗುವಿನ ತಲೆ ಸವರುತ್ತಾ ಹೇಳಿದರು:

“ಮೊದಲು ನೀನು ಏಳು. ಆ ತಾಯಿ ಇನ್ನೂ ಮಂಡಿಯೂರಿಯೇ ಇದ್ದಾಳೆ.”