ಕುದ್ರಿನ ಕೆಂಚಿ

ಒಂದಾನೊಂದು ಕಾಲದಲ್ಲಂತೆ ಮಗಾ, ಹೊಳೆ ಸಮುದ್ರ ಸೇರೋ ಕಡೆ ಒಂದು ಕುದ್ರು ಇತ್ತಂತೆ. ಕುದ್ರು ಅಂದ್ರೆ ಸುತ್ತ ನೀರು, ನಡುವೆ ಚೂರು ನೆಲ. ಅಲ್ಲಿ ಗಿಡ್ಡ ಗಿಡ್ಡ ದನಗಳು, ನಿನ್ನ ಎದೆಯೆತ್ತರ ಅಷ್ಟೆ, ಉಪ್ಪು ಹುಲ್ಲು ಮೇದು ಹೊಳೆಯಲ್ಲಿ ಈಜ್ತಿದ್ವಂತೆ. ಆ ಜಾತಿ ದನ ಬೇರೆಲ್ಲೂ ಉಳಿದಿರಲಿಲ್ಲವಂತೆ.

ಕುದ್ರಿನ ಮುತ್ತುಗೆ ಆಚೆ ದಡದ ಸೂರನ ಜೊತೆ ಮದುವೆ ಆಯ್ತಂತೆ. ಕುದ್ರಿನ ಹೆಣ್ಣು ಹೊರಟ್ರೆ ಜೊತೆಗೊಂದು ಹಸು ಹೋಗ್ಬೇಕು, ಅದರ ಮೊದಲ ಹೆಣ್ಣುಕರು ಕುದ್ರಿಗೇ ವಾಪಸ್ ಬರಬೇಕು, ಅದು ಅಲ್ಲಿಯ ಪದ್ಧತಿ. ಹಾಗಾಗಿ ಮುತ್ತು ತನ್ನ ಹಸು ಕೆಂಚಿಯನ್ನ ಕರ್ಕೊಂಡು ಹೋದ್ಳಂತೆ. ಅತ್ತೆ ದುಗ್ಗಮ್ಮ ನೋಡಿ, ಇದೇನು ಹಸುವೋ ಆಡೋ ಅಂತ ಮೂಗು ಮುರಿದ್ಳಂತೆ. ತೌಡು ಕಲಸಿ ಬಾನಿ ಮುಂದಿಟ್ಟು ಒಳಗೆ ಹೋಗಿಬಿಡೋಳಂತೆ, ಹಸುವಿಗೂ ಮಾತಿಲ್ಲ, ಸೊಸೆಗೂ ಮಾತಿಲ್ಲ.

ಆಮೇಲೆ ಒಂದಿನ ನೀರು ಇಳಿದಾಗ ಕೆಂಚಿ ಹಗ್ಗ ಬಿಡಿಸ್ಕೊಂಡು ಈಜಿ ಕುದ್ರಿಗೆ ಹೋಯ್ತಂತೆ, ಮುತ್ತು ದೋಣಿಯಲ್ಲಿ ಹೋಗಿ ತಂದ್ಳಂತೆ. ಆಮೇಲೆ ಮತ್ತೆ ಹೋಯ್ತು, ಮತ್ತೆ ತಂದ್ಳು. ಆಗ ದುಗ್ಗಮ್ಮ, ಊರೆಲ್ಲ ನಗ್ತಿದೆ ಮಾರಾಯ್ತಿ, ಇನ್ನೊಮ್ಮೆ ಅದು ಹೋದ್ರೆ ನೀನೂ ಅಲ್ಲೇ ಇದ್ದುಬಿಡು ಅಂದ್ಳಂತೆ. ಮುತ್ತು ಎರಡೆರಡು ಹಗ್ಗ ಕಟ್ಟಿದ್ಳು, ಕೊಟ್ಟಿಗೆಯಲ್ಲೇ ಮಲಗಿದ್ಳು. ದನಕ್ಕೇನು ಗೊತ್ತು ಪಾಪ, ಮೂರನೇ ಸಲವೂ ಹೋಯ್ತು. ಮುತ್ತು ಅಳ್ತಾ ದೋಣಿ ಹತ್ತಿದವಳು ಕುದ್ರಿನಲ್ಲೇ ಉಳಿದ್ಳು, ತಿರುಗಿ ಬರಲಿಲ್ಲವಂತೆ.

ಆಮೇಲೆ ಸೂರ ಊಟ ಬಿಟ್ಟು ಕೂತ. ದುಗ್ಗಮ್ಮನಿಗೂ ಮನೆ ಬಿಕೋ ಅಂತು, ಆದ್ರೆ ಬಾಯಿ ಬಿಟ್ಟು ಹೇಳೋ ಪೈಕಿಯಲ್ಲ ಅವಳು. ನಮ್ಮ ಹಸು ತರ್ತೇನೆ ಅಂತ ನೆಪ ಹೇಳಿ ತಾನೇ ಕುದ್ರಿಗೆ ಹೋದ್ಳಂತೆ. ಎಷ್ಟು ಬಾ ಬಾ ಅಂದ್ರೂ ಕೆಂಚಿ ಕದಲಲಿಲ್ಲ. ಆಗ ಮುತ್ತುವಿನ ಅಮ್ಮ ಚಂದು ಮೆಲ್ಲಗೆ, ಅಕ್ಕಾ, ಇದಕ್ಕೆ ಯಾವತ್ತಾದ್ರೂ ಅಂಗೈ ನೆಕ್ಕಿಸಿದ್ರಾ, ಮನೆಯೊಡತಿ ಹೊಳೆ ನೀರಲ್ಲಿ ಅದ್ದಿದ ಕೈ ನೆಕ್ಕಿದ ಮೇಲೇ ಇದು ಒಂದು ಮನೆಗೆ ಒಗ್ಗೋದು ಅಂದ್ಳಂತೆ. ಮತ್ತೆ ನಿನ್ನ ಮಗಳು ನಂಗೆ ಹೇಳ್ಬಾರದಿತ್ತಾ ಅಂತ ದುಗ್ಗಮ್ಮ ಕೇಳಿದ್ರೆ, ನೀವು ಅವಳನ್ನ ಮಾತಾಡಿಸಿದ್ರೆ ತಾನೆ ಅಕ್ಕಾ ಅಂದ್ಳಂತೆ.

ದುಗ್ಗಮ್ಮ ದಡಕ್ಕೆ ಇಳಿದ್ಳು. ಮೊಣಕಾಲೂರಿ ಹೊಳೆಯಲ್ಲಿ ಕೈ ಅದ್ದಿ ಚಾಚಿದ್ಳಂತೆ. ಕೆಂಚಿ ಬಂತು, ಮೂಸಿತು, ದೊರಗು ನಾಲಿಗೆಯಲ್ಲಿ ಅಂಗೈ ಪೂರ್ತಿ ನೆಕ್ಕಿತು. ದುಗ್ಗಮ್ಮನ ಕಣ್ಣು ತುಂಬ್ತಂತೆ. ಹೊಳೆಯಂಚಿನ ತವರುಮನೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಸೊಸೆ ಕಡೆ ಅದೇ ಒದ್ದೆ ಕೈ ಚಾಚಿ, ಬಾ ಮಗಳೇ, ನಿನ್ನನ್ನೂ ನಾನು ಹತ್ತಿರ ಕರೆದಿರಲಿಲ್ಲ, ಮನೆಗೆ ಹೋಗುವಾ ಅಂದ್ಳಂತೆ.

ಆಮೇಲೆ ದೋಣಿಯಲ್ಲಿ ಅತ್ತೆ ಸೊಸೆ, ಹಿಂದೆ ಈಜ್ತಾ ಕೆಂಚಿ. ಮತ್ತೆ ಹಗ್ಗವೇ ಬೇಕಾಗಲಿಲ್ಲವಂತೆ. ಕೆಂಚಿ ಹೆಣ್ಣುಕರು ಹಾಕ್ತು, ಕರು ಹಾಲು ಕುಡಿಯೋದು ಬಿಟ್ಟ ಮೇಲೆ ಅದನ್ನ ಕುದ್ರಿಗೆ ಒಪ್ಪಿಸೋಕೆ ದುಗ್ಗಮ್ಮನೇ ಹೋಗಿ, ಬರುವಾಗ ದಾರಿಯುದ್ದ ಅತ್ಳಂತೆ. ಇಷ್ಟಕ್ಕೆ ಕತೆ ದಡ ಸೇರ್ತು. ಎಲ್ಲಿ ಮಗಾ ನಿನ್ನ ಅಂಗೈ, ನನ್ನ ಕೈಯೊಳಗಿಡು, ಮಲ್ಕೋ.