ಸಾಕ್ಷಿಯ ಹೊಟ್ಟೆನೋವು

"ಗುರುಗಳೇ, ಮುಟ್ಟದೆಯೇ ರೋಗ ಕಾಣುತ್ತೇನೆ ಎನ್ನುವವನೊಬ್ಬ ಸತ್ತ. ಅರ್ಧ ಊರು ಅವನನ್ನು ದೇವರು ಎನ್ನುತ್ತದೆ, ಅರ್ಧ ಊರು ಕಳ್ಳ ಎನ್ನುತ್ತದೆ. ಯಾರನ್ನು ನಂಬಲಿ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದ:

ಕೇಳು ತಮ್ಮಾ. ಬೆರಳಜ್ಜ ಅಂತ ಒಬ್ಬನಿದ್ದ. ಅವನ ಬಳಿಗೆ ರೋಗಿ ಬರಬೇಕಾಗಿರಲಿಲ್ಲ, ರೋಗಿಯ ಫೋಟೋ ಬಂದರೆ ಸಾಕು. ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸುತ್ತಿದ್ದ. ಬೆರಳು ನಿಂತಲ್ಲಿ ರೋಗ. ಒಮ್ಮೆ ಯಾರೋ ಮದುವೆಯ ಫೋಟೋ ಕೊಟ್ಟರೆ, ಹಿಂದೆ ನಿಂತಿದ್ದ ಎಮ್ಮೆಯ ಹೊಟ್ಟೆಯಲ್ಲಿ ಮೊಳೆ ಇದೆ ಎಂದ. ಇತ್ತು! ಗೇಣುದ್ದದ ಮೊಳೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ.

ಒಬ್ಬ ನೇಕಾರ ತನ್ನ ಹೆಂಡತಿಯ ಫೋಟೋ ತಂದ. ಬೆರಳು ಹೊಟ್ಟೆಯ ಮೇಲೆ ನಿಂತಿತು. "ಗಡ್ಡೆ" ಎಂದ ಅಜ್ಜ, ವಿಭೂತಿ ಕೊಟ್ಟ. ನೇಕಾರ ವಿಭೂತಿಯನ್ನೂ ಹಚ್ಚಿದ, ಆಸ್ಪತ್ರೆಗೂ ಒಯ್ದ. ಅಲ್ಲಿ ಗಡ್ಡೆ ತೆಗೆದರು. ಹೆಂಡತಿ ಎದ್ದು ಓಡಾಡಿದಳು.

ಅಜ್ಜ ತೀರಿಕೊಂಡ. ಭಕ್ತರು ಗದ್ದುಗೆ ಕಟ್ಟಿದರು. ಪ್ರತಿ ಪುಣ್ಯತಿಥಿಗೆ, ಗುಣವಾದವರು ಗದ್ದುಗೆಯ ಮುಂದೆ ನಿಂತು ಸಾಕ್ಷಿ ಹೇಳುವ ಪದ್ಧತಿ ಬಂತು. ನೇಕಾರನ ಹೆಂಡತಿಯೇ ಮೊದಲ ಸಾಕ್ಷಿ. ಅಜ್ಜನನ್ನು ಕಳ್ಳ ಎನ್ನುವವರೂ ಅವಳನ್ನೇ ತೋರಿಸುತ್ತಿದ್ದರು, ಗುಣಪಡಿಸಿದ್ದು ಡಾಕ್ಟರಲ್ಲವೇ ಎಂದು.

ಒಂದು ಪುಣ್ಯತಿಥಿಯ ಬೆಳಿಗ್ಗೆ ಅವಳ ಹೊಟ್ಟೆ ಮತ್ತೆ ಹಿಡಿದುಕೊಂಡಿತು. ಹೊಟ್ಟೆ ಕಲ್ಲಾಯಿತು, ಮೈ ತಣ್ಣಗಾಯಿತು. ಸುದ್ದಿ ಹಬ್ಬಿ ಎರಡೂ ಕಡೆಯವರು ಓಡಿ ಬಂದರು. ಅವಳ ಜೀವ ಆಸ್ಪತ್ರೆಯಲ್ಲಿ ಉಳಿದರೆ ಗದ್ದುಗೆಯ ಮಾನ ಹೋಗುತ್ತದೆ. ಗದ್ದುಗೆಯ ಮುಂದೆ ಉಳಿದರೆ ಎದುರಾಳಿಗಳ ಮಾತು ಬಿದ್ದುಹೋಗುತ್ತದೆ. ಭಕ್ತರು ಮಂಚ ಎತ್ತಿದರೆ ಎದುರಾಳಿಗಳು ಬಾಗಿಲಿಗೆ ಅಡ್ಡ ನಿಂತರು. ಅವರು ಎತ್ತಿದರೆ ಇವರು ನಿಂತರು.

"ಎಮ್ಮೆಯ ಹೊಟ್ಟೆ ಕಂಡವನಿಗೆ ತನ್ನ ಎದೆ ಕಾಣಲಿಲ್ಲವೇನ್ರೋ? ಹಾರ್ಟ್ ನಿಂತು ಸತ್ತನಲ್ಲ!"

"ಗಡ್ಡೆ ಎಲ್ಲಿದೆ ಅಂತ ಮೊದಲು ಹೇಳಿದ್ದು ಯಾರು, ನಿಮ್ಮಪ್ಪನೇ?"

"ಎಲ್ಲಿಗಾದರೂ ಒಯ್ಯಿರಪ್ಪಾ" ಎಂದಳು ಅವಳು. ಆ ಗದ್ದಲದಲ್ಲಿ ಗಂಡನಿಗೆ ಮಾತ್ರ ಕೇಳಿಸಿತು.

ಮನೆಗೆ ಇದ್ದದ್ದು ಅದೊಂದೇ ಬಾಗಿಲು. ನೇಕಾರ ಒಳಗೆ ಹೋದ. ಮಗ್ಗದಲ್ಲಿ ಅರ್ಧ ನೇಯ್ದ ಸೀರೆಯಿತ್ತು. ಅದನ್ನು ಕತ್ತರಿಸಿ ತಂದು, ಹೆಂಡತಿಯನ್ನು ಮಂಚದಿಂದೆತ್ತಿ ಬೆನ್ನಿಗೆ ಕಟ್ಟಿಕೊಂಡ. ಮಗ್ಗದ ಮರ ಕಿತ್ತು ಹಿಂದಿನ ಮಣ್ಣಿನ ಗೋಡೆಗೆ ಗುದ್ದಿದ. ಎರಡಾಳು ದಪ್ಪದ ಗೋಡೆ, ಒಂದೇ ಏಟಿಗೆ ಬಿತ್ತು. ಜಗಳದ ಸದ್ದಿನಲ್ಲಿ ಗೋಡೆ ಬಿದ್ದದ್ದೂ ಯಾರಿಗೂ ಕೇಳಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಒಬ್ಬ ಮಂಚದ ಕಡೆ ತಿರುಗಿದ. ಮಂಚ ಖಾಲಿ. ಎಲ್ಲರೂ ಹೆಜ್ಜೆಗುರುತು ಹಿಡಿದು ಓಡಿದರು. ಗುರುತು ಊರ ಹೊರಗಿನ ಕವಲಿನವರೆಗೆ ಇತ್ತು. ಎಡಕ್ಕೆ ಗದ್ದುಗೆ, ಬಲಕ್ಕೆ ಆಸ್ಪತ್ರೆ. ಮುಂದೆ ಟಾರು ರಸ್ತೆ, ಗುರುತಿಲ್ಲ. ಎಡಕ್ಕೇ ಹೋದ ಎಂದರು ಇವರು, ಬಲಕ್ಕೇ ಎಂದರು ಅವರು. ಅಲ್ಲಿಯೇ ಕೊರಳಪಟ್ಟಿ ಹಿಡಿದುಕೊಂಡರು.

ಗುರು ಕತೆಯನ್ನು ಅಲ್ಲಿಗೇ ನಿಲ್ಲಿಸಿದ. ಶಿಷ್ಯ ತಡೆಯಲಾರದೆ ಕೇಳಿದ: "ಅವನು ನಿಜವಾಗಿ ಹೋದದ್ದು ಯಾವ ಕಡೆಗೆ, ಗುರುಗಳೇ?"

ಗುರು ಹೇಳಿದ: "ಅವಳು ಬದುಕಿದಳೇ ಎಂದು ನೀನೂ ಕೇಳಲಿಲ್ಲವಲ್ಲ, ತಮ್ಮಾ."