ಬರಿಮಣೆಯ ಸದ್ದು

"ಗುರುಗಳೇ, ಉಪ್ಪಿನ ಋಣಕ್ಕಿಂತ ದೊಡ್ಡ ಋಣ ಉಂಟೇ?"

ಕೇಳಿದವನು ಶಿಷ್ಯ ಕಲ್ಲಿನಾಥ. ದೊರೆಯ ದಂಡಿಗೆ ಸೇರಿದ್ದ, ಮರುದಿನ ಹೊರಡಬೇಕಿತ್ತು. ಸೊಂಟಕ್ಕೆ ಕಟ್ಟಿದ ಹೊಸ ಕತ್ತಿಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಗುರುಗಳು ಕತ್ತಿಯನ್ನು ನೋಡಿದರು, ಅವನ ಮುಖವನ್ನೂ ನೋಡಿದರು. "ಹೊರಟು ನಿಂತವನಿಗೆ ಬುದ್ಧಿ ಹೇಳಿ ಏನು ಬಂತು? ಬುತ್ತಿ ಕಟ್ಟಬೇಕು. ನನ್ನ ಹತ್ತಿರ ಇರುವುದು ಕತೆಯೊಂದೇ. ಕೂತುಕೋ," ಎಂದು ಹೇಳತೊಡಗಿದರು.

ಒಬ್ಬ ಸಿಪಾಯಿ ಇದ್ದ. ಅವನಿಗೆ ಅವ್ವ ಒಬ್ಬಳೇ; ಅವ್ವನಿಗೂ ಅವನೊಬ್ಬನೇ. ಮನೆಯ ಕಣಜ ಬರಿದಾಯಿತೆಂದು ದೊರೆಯ ದಂಡು ಸೇರಿದ. ಹೊರಡುವ ದಿನ ಅವ್ವ ಒಣಗಿಸಿದ ಕಟಕ ರೊಟ್ಟಿಯ ಗಂಟನ್ನು ಕೈಗಿಟ್ಟು, "ಲಗೂ ಬಾ ತಮ್ಮಾ, ಬಿಸಿ ರೊಟ್ಟಿ ಮಾಡಿ ಹಾಕ್ತೀನಿ," ಎಂದಳು. ಅಳಲಿಲ್ಲ. ಅತ್ತಿದ್ದರೆ ಅವನು ಹೋಗುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು.

ದಂಡು ದೂರದ ಒಂದು ಕೋಟೆಗೆ ಮುತ್ತಿಗೆ ಹಾಕಿತು. ಆ ಕೋಟೆಯ ದೊರೆಗೂ ಈ ದೊರೆಗೂ ಏನು ಜಗಳವೆಂದು ನನ್ನನ್ನು ಕೇಳಬೇಡ. ಸಿಪಾಯಿಗೂ ಯಾರೂ ಹೇಳಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ. ಗೋಡೆಯ ಒಳಗಿನವರು ಕಾಳಿಗೆ ಬಡವಾದರು, ಹೊರಗಿನವರು ಮನೆಗೆ ಬಡವಾದರು.

ಸಿಪಾಯಿ ಗಂಟಿನ ರೊಟ್ಟಿಗಳನ್ನೆಲ್ಲ ತಿಂದ, ಒಂದನ್ನು ಬಿಟ್ಟು. ಊರು ಮುಟ್ಟಿದ ದಿನ ಅದನ್ನು ಅವ್ವನ ಮುಂದೆ ತಿನ್ನಬೇಕೆಂದು ಇಟ್ಟುಕೊಂಡಿದ್ದ. ತಿಂಗಳುಗಳು ಕಳೆದವು. ರೊಟ್ಟಿ ಮುರಿಯಿತು, ಪುಡಿಯಾಯಿತು, ಗಂಟಿನ ಅರಿವೆಯ ಮೂಲೆಯಲ್ಲಿ ಒಂದು ಹಿಡಿ ಉಳಿಯಿತು. ಅವನು ದಿನಾ ಗಂಟು ಬಿಚ್ಚಿ ಮೂಸುತ್ತಿದ್ದ, ಮತ್ತೆ ಕಟ್ಟುತ್ತಿದ್ದ. "ಏನೋ, ಹೆಂಡತಿ ಕೊಟ್ಟ ಗಂಧವೇನೋ?" ಎಂದು ಜೊತೆಯವರು ಕಾಡುತ್ತಿದ್ದರು. ಮೂಸಿದಾಗಲೆಲ್ಲ ಅವನಿಗೆ ಅವ್ವ ಬೇಕು ಅನ್ನಿಸುತ್ತಿತ್ತು. ಮೀಸೆ ಬಂದ ಗಂಡಸು, ಆದರೂ ಬೇಕು ಅನ್ನಿಸುತ್ತಿತ್ತು.

ಮಳೆಗಾಲ ಹತ್ತಿರ ಬಂತು. ದಂಡಿನ ಒಡೆಯನಾದ ದಳವಾಯಿಗೆ ಚಿಂತೆ ಹತ್ತಿತು. ಒಳಗೆ ಕಾಳು ಮುಗಿದಿದ್ದರೆ ಇನ್ನು ನಾಲ್ಕು ದಿನ ಕಾದರೆ ಸಾಕು, ಕೋಟೆ ತಾನಾಗಿ ಕೈಸೇರುತ್ತದೆ. ಕಾಳು ಇದ್ದರೆ ಇಲ್ಲಿ ಮಳೆಯಲ್ಲಿ ಕೊಳೆಯುವ ಬದಲು ಬಡಗಣ ಸೀಮೆಯ ಯುದ್ಧಕ್ಕೆ ಹೋಗುವುದು ಲೇಸು. ಪಾಳೆಯದಲ್ಲಿ ಡಂಗುರ ಹೊಡೆಸಿದ: ಕೋಟೆಯೊಳಗೆ ಕಾಳು ಮುಗಿದ ಖಾತ್ರಿ ಸುದ್ದಿ ತಂದವನಿಗೆ ಆ ಕ್ಷಣವೇ ಊರಿಗೆ ಹೋಗಲು ಬಿಡುಗಡೆ.

ಸುದ್ದಿ ಎಲ್ಲಿಂದ ತರುವುದು? ದಿನಾ ಸಂಜೆ ಕೋಟೆಯೊಳಗಿನ ಮನೆಮನೆಯಿಂದಲೂ ಒಲೆಯ ಹೊಗೆ ಏಳುತ್ತಿತ್ತು. ರೊಟ್ಟಿ ತಟ್ಟುವ ಸದ್ದು ಗೋಡೆ ದಾಟಿ ಬರುತ್ತಿತ್ತು. "ಅವರಿಗೇನಪ್ಪಾ, ದಿನಾ ಹಬ್ಬ," ಎಂದು ಹೊರಗಿನವರು ಕರುಬುತ್ತಿದ್ದರು.

ಒಂದು ಸಂಜೆ ಸಿಪಾಯಿಗೆ ಗೋಡೆಯ ಬುಡದ ಕಾವಲು ಬಿತ್ತು. ಅಷ್ಟು ಹತ್ತಿರದಿಂದ ಆ ಸದ್ದನ್ನು ಅವನು ಎಂದೂ ಕೇಳಿರಲಿಲ್ಲ. ಕಣ್ಣು ಮುಚ್ಚಿ ಕೇಳಿದ. ಬಾಯಲ್ಲಿ ನೀರೂರಿತು. ಸ್ವಲ್ಪ ಹೊತ್ತಿಗೆ ಬಾಯಿ ಒಣಗಿತು.

ರೊಟ್ಟಿ ತಟ್ಟುವುದನ್ನು ನೀನೂ ಕೇಳಿದ್ದೀಯ, ಕಲ್ಲಿನಾಥ. ಹಿಟ್ಟಿನ ಉಂಡೆ ದಪ್ಪ ಇರುವಾಗ ಸದ್ದು ಮೆತ್ತಗೆ. ರೊಟ್ಟಿ ಅಗಲವಾದಂತೆ ಸದ್ದು ಚುರುಕು. ಆಮೇಲೆ ಕೈ ನಿಲ್ಲುತ್ತದೆ. ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಬೇಕಲ್ಲ! ಗೋಡೆಯ ಒಳಗಿನ ಸದ್ದಿಗೆ ಮೆತ್ತಗಾಗುವುದೂ ಇರಲಿಲ್ಲ, ಚುರುಕಾಗುವುದೂ ಇರಲಿಲ್ಲ, ನಿಲ್ಲುವುದೂ ಇರಲಿಲ್ಲ. ಮೊದಲಿಂದ ಕೊನೆಯವರೆಗೆ ಒಂದೇ ದನಿ. ಹಿಟ್ಟು ಮುಗಿದದ್ದು ಶತ್ರುವಿಗೆ ತಿಳಿಯಬಾರದೆಂದು ಒಳಗಿನ ಹೆಂಗಸರು ಬರಿಮಣೆ ತಟ್ಟುತ್ತಿದ್ದರು.

ಬೇರೆ ಯಾರಿಗೂ ತಿಳಿಯದ್ದು ಇವನಿಗೆ ಹೇಗೆ ತಿಳಿಯಿತು ಅನ್ನುತ್ತೀಯೋ? ಅವನು ಚಿಕ್ಕವನಿದ್ದಾಗ, ಮನೆಯಲ್ಲಿ ಹಿಟ್ಟಿಲ್ಲದ ಸಂಜೆ, ಅವ್ವ ಒಲೆಗೆ ನಾಲ್ಕು ಪುಳ್ಳೆ ಹಾಕಿ ಬರಿಮಣೆ ತಟ್ಟುತ್ತಿದ್ದಳು. ಒಲೆ ಹತ್ತದ ಮನೆ ಎಂದು ಓಣಿಯವರು ಆಡಿಕೊಳ್ಳಬಾರದು, ಅಷ್ಟೇ. ಮೊದಮೊದಲು ಅವನು ಊಟದ ಗಂಗಾಳ ಮುಂದಿಟ್ಟುಕೊಂಡು ಕೂರುತ್ತಿದ್ದ. ಬರಬರುತ್ತ ಸದ್ದು ಕೇಳಿಯೇ ತಿಳಿಯತೊಡಗಿತು. "ಅವ್ವಾ, ನನಗ ಹಸಿವಿಲ್ಲ," ಎಂದು ಹೋಗಿ ಮಲಗುತ್ತಿದ್ದ. ಅವಳು ತಟ್ಟುತ್ತಲೇ ಇರುತ್ತಿದ್ದಳು. ಹಸಿದ ಹೊಟ್ಟೆಯವನ ಕಿವಿ ಅದನ್ನು ಮರೆತೀತೇ?

ಸಿಪಾಯಿ ದಡಬಡಿಸಿ ಎದ್ದ. ಸುದ್ದಿ ಸಿಕ್ಕಿತು! ಊರು ಸಿಕ್ಕಿತು! ಕಾವಲು ಬದಲಾದದ್ದೇ ತಡ, ದಳವಾಯಿಯ ಡೇರೆಯತ್ತ ಓಡಿದ. ಓಡುತ್ತಿರುವಾಗಲೇ ಮನಸ್ಸು ಅವನಿಗಿಂತ ಮುಂದೆ ಓಡಿ ಊರು ಮುಟ್ಟಿತು, ಓಣಿ ತಿರುಗಿತು, ಬಾಗಿಲು ತಳ್ಳಿತು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಅವನ ಗಲ್ಲ ಹಿಡಿದಳು. "ನನ್ನಪ್ಪಾ, ಬಂದ್ಯಾ! ಯುದ್ಧ ಮುಗಿದಿಲ್ಲ, ಹೆಂಗ ಬಿಟ್ರೋ ನಿನ್ನ?" ಎಂದು ಕೇಳಿದಳು.

ಅವನ ಕಾಲು ಅಲ್ಲೇ ನಿಂತಿತು. ಏನು ಹೇಳುವುದು ಅವಳಿಗೆ? ನಿನ್ನಂಥವರೇ ಒಳಗೆ ಬರಿಮಣೆ ತಟ್ಟುತ್ತಿದ್ದರು ಅವ್ವಾ, ಅದನ್ನು ಹೇಳಿಕೊಟ್ಟು ಬಂದೆ ಎನ್ನುವುದೇ? ಸೋತ ಕೋಟೆಗೆ ದಂಡು ನುಗ್ಗಿದ ಮೇಲೆ ಏನಾಗುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ಹಾಗೆ ಹೋಗಿ ಕೂತರೆ ಬಿಸಿ ರೊಟ್ಟಿ ಗಂಟಲಲ್ಲಿ ಇಳಿದೀತೇ? ಹಿಂದಕ್ಕೆ ಹೋಗೋಣವೆಂದರೆ ದಳವಾಯಿ ಆಗಲೇ ಅವನನ್ನು ಕಂಡು ಕರೆದಿದ್ದ.

"ಗೋಡೆಯ ಕಾವಲಿನವನಲ್ಲವೇ ನೀನು? ಏನು ಕೇಳಿಸಿತು?"

"ರೊಟ್ಟಿ ತಟ್ಟುವ ಕೈಯ ಸದ್ದು, ಒಡೆಯಾ."

"ಕಾಳು ಮುಗಿಯುತ್ತ ಬಂದಂತಿದೆಯೇ?"

ಸಿಪಾಯಿ ಸೊಂಟದ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡ. "ಅದನ್ನು ನಾನು ಹೇಗೆ ಹೇಳಲಿ, ಒಡೆಯಾ? ಕೈ ಮಾತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ."

ದಳವಾಯಿ ಹಣೆ ಚಚ್ಚಿಕೊಂಡ. ಪಾಪ, ಅಡುಗೆಮನೆಯ ಹೊಸಿಲು ತುಳಿದವನಲ್ಲ. ನಿಲ್ಲದೆ ತಟ್ಟುತ್ತಾರೆಂದರೆ ಕಣಜ ತುಂಬಿ ತುಳುಕುತ್ತಿರಬೇಕು ಎಂದುಕೊಂಡ.

ಬೆಳಗಾಗುತ್ತಲೇ ಮುತ್ತಿಗೆ ತೆಗೆದರು. ದಂಡು ಬಡಗಣಕ್ಕೆ ಹೊರಟಿತು. ಸಿಪಾಯಿಯ ಊರು ತೆಂಕಣಕ್ಕಿತ್ತು.

ಬೆನ್ನ ಕಾವಲಿಗೆಂದು ಕೆಲವರನ್ನು ಕೋಟೆಯ ಎದುರಿನ ಗುಡ್ಡದ ಮೇಲೆ ಬಿಟ್ಟು ಹೋದರು. ಅವರಲ್ಲಿ ಇವನೂ ಒಬ್ಬ. ಕೋಟೆಯ ಬಾಗಿಲು ತೆರೆದದ್ದನ್ನು ಅಲ್ಲಿಂದ ಕಂಡ. ಸುತ್ತಲ ಹಳ್ಳಿಗಳ ಜೋಳದ ಬಂಡಿಗಳು ಒಳಗೆ ಹೋದವು. ಸಂಜೆ ಗಾಳಿ ಗುಡ್ಡದ ಕಡೆಗೆ ತಿರುಗಿತು. ಸದ್ದು ಬಂತು. ಮೊದಲು ಮೆತ್ತಗೆ. ಆಮೇಲೆ ಚುರುಕು. ಆಮೇಲೆ ನಿಂತಿತು.

ಅದು ನಿಂತ ಕೂಡಲೇ ಸಿಪಾಯಿ ಗೊಳೋ ಎಂದು ಅತ್ತ. ಅವ್ವ, ಊರು, ಬಿಸಿ ರೊಟ್ಟಿ, ಎಲ್ಲ ಒಮ್ಮೆಲೇ ಬೇಕೆನ್ನಿಸಿತು. ಗಂಟು ಬಿಚ್ಚಿ ಆ ಹಿಡಿಯಷ್ಟು ಪುಡಿಯನ್ನು ಬಾಯಿಗೆ ಹಾಕಿಕೊಂಡ. ಅರಿವೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿದ. ಮರುದಿನ ಬಡಗಣದ ದಾರಿ ಹಿಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅವನು ಊರು ಮುಟ್ಟಿದನೇ?" ಎಂದ ಕಲ್ಲಿನಾಥ.

"ಗೊತ್ತಿಲ್ಲಪ್ಪಾ. ಆ ಮುದುಕಿ ಇವತ್ತಿಗೂ ಇಬ್ಬರಿಗಾಗುವಷ್ಟು ರೊಟ್ಟಿ ತಟ್ಟುತ್ತಾಳಂತೆ."

ಕಲ್ಲಿನಾಥನ ಕಣ್ಣು ತುಂಬಿತು. ಆದರೂ ಹಿಡಿದ ಪಟ್ಟು ಬಿಡಲಿಲ್ಲ. "ನೀವು ಏನೇ ಹೇಳಿ ಗುರುಗಳೇ, ಅವನು ಆ ದೊರೆಯ ಉಪ್ಪು ತಿಂದವನಲ್ಲವೇ?"

ಗುರುಗಳು ಕೇಳಿದರು:

"ಬರೀ ಉಪ್ಪನ್ನು ಯಾರು ತಿನ್ನುತ್ತಾರಪ್ಪಾ, ರೊಟ್ಟಿಯ ಜೊತೆಗಲ್ಲವೇ?"